ತೆಂಕುಗಾಳಿಗೆ ಬಿಟ್ಟ ಚಿಟ್ಟೆ

ಟ್ರುಗನಿನಾ, ಮೆಲ್ಬರ್ನ್
26 ಜನವರಿ 2026

ಅತ್ತೆಗೆ ಅಶ್ವಿತಾಳ ನಮಸ್ಕಾರ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಧನರಾಜ್ ನನ್ನ ಫೋನ್ ಎತ್ತುವುದಿಲ್ಲ. ನಿರೀಕ್ಷಾ ತಾನೇ ಮಾತಾಡಲು ಒಲ್ಲೆ ಅನ್ನುತ್ತಾಳಂತೆ. ನಿಮ್ಮ ಫೋನಂತೂ ಯಾವಾಗಲೂ ಸೋಫಾದ ಸಂದಿಯಲ್ಲಿರುತ್ತದೆ. ಹಾಗಾಗಿ ಕಾಗದ. ತುಳುವಿನಲ್ಲಿ ಜಗಳವಾಡಿ ಕನ್ನಡದಲ್ಲಿ ಪತ್ರ ಬರೆಯುವ ಜನ ನಾವು. ಹತ್ತನೇ ಕ್ಲಾಸಿನ ನಂತರ ನಾನು ಬರೆಯುತ್ತಿರುವ ಮೊದಲ ಪತ್ರ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಮಗ ನಮ್ಮ ನಿರೀಕ್ಷಾಳನ್ನೂ ನಿಮ್ಮನ್ನೂ ಕರೆದುಕೊಂಡು ಸಿಡ್ನಿಗೆ ಹೋಗಿ ಎಂಟು ತಿಂಗಳಾಯಿತು. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ವಕೀಲರು ಬೇಕಾದಷ್ಟು ಬರೆಯುತ್ತಿದ್ದಾರೆ. ಮೇ 14ಕ್ಕೆ ಕೋರ್ಟಿನ ಕಡೆಯ ಮೇಡಂ ಒಬ್ಬರು ನಿರೀಕ್ಷಾಳನ್ನು ಎದುರು ಕೂರಿಸಿಕೊಂಡು, ಯಾರ ಜೊತೆ ಇರುತ್ತೀ ಅಂತ ಕೇಳುತ್ತಾರೆ. ಹತ್ತು ವರ್ಷದ ಮಗು ಹೇಳಿದ್ದಕ್ಕೆ ತೂಕ ಉಂಟಂತೆ. ನನ್ನ ಪರ ಮಾತಾಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಈ ಪತ್ರದ ಕೆಳಗಿನ ಭಾಗವನ್ನು ಅವಳಿಗೆ ತುಳುವಿನಲ್ಲಿ ಹೇಳಿ, ಅಷ್ಟು ಸಾಕು. ಇಂಗ್ಲಿಷಿನಲ್ಲಿ ಅವಳಿಗೇ ಬರೆದರೆ ಬಿಚ್ಚದೆ ಕಸದ ಬುಟ್ಟಿಗೆ ಹಾಕಿಯಾಳು. ಅಜ್ಜಿ ಹೇಳಿದರೆ ಕೇಳುತ್ತಾಳೆ.

ನಿನ್ನೆ ರಥಸಪ್ತಮಿಯಿತ್ತು. ಅವಳ ಬಲಗಣ್ಣಿಗೆ ಗಿಡದ ಹಾಲು ಬಿದ್ದು ಹಬ್ಬದ ಲೆಕ್ಕದಲ್ಲಿ ಒಂದು ವರ್ಷ. ಬೆಳಿಗ್ಗೆ ಸ್ನಾನಕ್ಕೆ ಹೋದವಳು ಬಚ್ಚಲಿನಲ್ಲಿ ಸುಮ್ಮನೆ ನಿಂತುಬಿಟ್ಟೆ.

ನಿರೀಕ್ಷಾ ಪುಟ್ಟೀ, ಅಪ್ಪ ಕಿತ್ತುಹಾಕಿದ ಚಿಟ್ಟೆಯ ಗಿಡಗಳಲ್ಲಿ ಬೇಲಿ ಮೂಲೆಯದು ಬೇರಿನಿಂದ ಮತ್ತೆ ಚಿಗುರಿದೆ. ಮೊನ್ನೆ ಮೊನಾರ್ಕ್ ಚಿಟ್ಟೆಯೊಂದು ಬಂದು ಎಲೆಗೊಂದರಂತೆ ಮೊಟ್ಟೆಯಿಟ್ಟು ಹೋಯಿತು. ಚಿಟ್ಟೆಗಳ ಲೆಕ್ಕ ಇಡುವ ಗುಂಪಿನವರು ನನಗೆ ಹತ್ತು ಸ್ಟಿಕರ್ ಕೊಟ್ಟಿದ್ದಾರೆ, 31ರಿಂದ 40ರವರೆಗೆ. ನಿನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕವು. ರೆಕ್ಕೆಯ ಅಡಿಗೆ ಅಂಟಿಸಿ ಬಿಡಬೇಕು. ಚಳಿಗಾಲ ಕಳೆಯಲು ಇವು ಉತ್ತರದ ಕಡೆ ಹೊರಡುತ್ತವೆ, ಸಿಡ್ನಿಯ ಆಚೀಚೆ ಮರಗಳಲ್ಲಿ ಗೊಂಚಲು ಗೊಂಚಲಾಗಿ ಕೂರುತ್ತವೆ. ಇಲ್ಲಿಂದ ಹೊರಟದ್ದು ಅಲ್ಲಿಯ ತನಕ ತಲುಪುತ್ತದೆಯೋ ಇಲ್ಲವೋ ಯಾರಿಗೂ ಖಚಿತವಿಲ್ಲ. ತಲುಪುವುದಾದರೆ ದಕ್ಷಿಣದಿಂದ ತಳ್ಳುವ ತೆಂಕುಗಾಳಿ ಬೇಕು. ಬಿಡುವ ಕೆಲಸ ನನ್ನದು. ಅಲ್ಲಿ ಗಾಳಿ ನೋಡುವ ಕೆಲಸ ನಿನ್ನದು.

ನಿಮ್ಮ
ಅಶ್ವಿತಾ


ಟೂಂಗಾಬಿ, ಸಿಡ್ನಿ
10 ಫೆಬ್ರವರಿ 2026

ಚಿರಂಜೀವಿ ಅಶ್ವಿತಾಳಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರವನ್ನು ಧನು ನೋಡಲಿಲ್ಲ. ಅಂಚೆಯವನು ಬರುವುದು ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ಮನೆಯಲ್ಲಿ ಇರುವುದು ನಾನು ಮತ್ತು ವಾಷಿಂಗ್ ಮೆಷಿನ್, ಇಬ್ಬರೂ ಯಾರಿಗೂ ಹೇಳುವುದಿಲ್ಲ. ನೀನು ಬರೆಯುವುದಾದರೆ ಬರೆ, ಆದರೆ ಲಕೋಟೆಯ ಮೇಲೆ ಅಷ್ಟು ದೊಡ್ಡದಾಗಿ ಹೆಸರು ಬರೆಯಬೇಡ.

ನಾನು ಚೆನ್ನಾಗಿದ್ದೇನೆ ಎಂದೇ ಹೇಳಬೇಕು. ಮಂಡಿ ನೋವಿದೆ. ಇಲ್ಲಿ ಅಂಗಡಿಯಲ್ಲಿ ಬಸಳೆ ಸಿಗುತ್ತದೆ, ಬೆಲೆ ಕೇಳಿದರೆ ಮಂಡಿ ನೋವು ಮರೆತುಹೋಗುತ್ತದೆ. ಪಕ್ಕದ ಮನೆಯ ಚನ್ನಕ್ಕ ಹುಬ್ಬಳ್ಳಿಯವರು, ಅವರ ಕನ್ನಡ ನನಗೆ ಅರ್ಧ, ನನ್ನದು ಅವರಿಗೆ ಅರ್ಧ. ಹಾಗೂ ಹೀಗೂ ಮಾತು ಒಂದಾಗುತ್ತದೆ.

ಮಗುವಿನ ಕಣ್ಣು ಹಾಗೆಯೇ ಇದೆ. ಎಡಗಣ್ಣು ಮುಚ್ಚಿದರೆ ಎಲ್ಲ ಮಂಜು ಅನ್ನುತ್ತಾಳೆ. ದೊಡ್ಡವಳಾದ ಮೇಲೆ ಆಪರೇಷನ್ ಮಾಡಿ ನೋಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಗಿಡದಲ್ಲಿ ಆಡಿ, ಹಾಲು ಅಂಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡದ್ದು, ತಾಯಿಯಾದವಳು ಅಂಥ ವಿಷದ ಗಿಡ ಮನೆಯಲ್ಲಿ ಯಾಕೆ ನೆಟ್ಟಳು ಎಂದು ಧನು ಈಗಲೂ ಹೇಳುತ್ತಾನೆ. ನಾನು ಅನ್ನ ಬಡಿಸುತ್ತೇನೆ.

ನೀನು ಬರೆದದ್ದನ್ನು ಅವಳಿಗೆ ಹೇಳಿದೆ. ಗಿಡ ಚಿಗುರಿದ ಸುದ್ದಿ ಬಿಟ್ಟೆ, ಆ ಗಿಡದ ಹೆಸರೆತ್ತಿದರೆ ಮುಖ ತಿರುಗಿಸುತ್ತಾಳೆ. ಮೊಟ್ಟೆ, ಸ್ಟಿಕರ್, ಗಾಳಿ ಎಲ್ಲ ಹೇಳಿದೆ. ಐಪ್ಯಾಡ್‌ನಿಂದ ತಲೆಯೆತ್ತದೆ ಕೇಳಿದಳು. ರಾತ್ರಿ ಮಲಗುವಾಗ ನನ್ನ ಕಿವಿಯ ತುದಿ ಹಿಡಿದುಕೊಂಡು ಒಂದು ಪ್ರಶ್ನೆ ಕೇಳಿದಳು. ಕಿವಿ ಹಿಡಿಯದೆ ಅವಳಿಗೆ ಈಗಲೂ ನಿದ್ದೆ ಬರುವುದಿಲ್ಲ. ಚಿಟ್ಟೆ ತಾನಾಗಿ ಹೋಗುವುದಾ, ಗಾಳಿ ತಳ್ಳಿಕೊಂಡು ಹೋಗುವುದಾ? ನನಗೆ ಗೊತ್ತಿಲ್ಲ, ನಿನ್ನ ಅಮ್ಮನನ್ನು ಕೇಳುತ್ತೇನೆ ಎಂದೆ. ಬೇಡ ಎನ್ನಲಿಲ್ಲ.

ರಥಸಪ್ತಮಿಗೆ ಈ ವರ್ಷ ನಾನು ತಲೆಗೆ ಸ್ನಾನ ಮಾಡಲಿಲ್ಲ. ಶೀತ ಆಗಿತ್ತು.

ಇಂತು ನಿನ್ನ
ಕುಸುಮಾವತಿ


ಟ್ರುಗನಿನಾ
8 ಮಾರ್ಚ್ 2026

ಅತ್ತೆ,

ಅವಳ ಪ್ರಶ್ನೆಯನ್ನು ಓದಿ, ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಒಂದು ವಾರ ಡ್ಯೂಟಿ ಮಾಡಿದೆ. ವೃದ್ಧಾಶ್ರಮದಲ್ಲಿ ಒಬ್ಬರಿಗೆ ಮಾತ್ರೆ ಕೊಡುವಾಗ, ಏನು ನರ್ಸ್ ಇವತ್ತು ನಗುತ್ತಿದ್ದೀ ಎಂದು ಕೇಳಿದರು. ಇದನ್ನು ಅವಳಿಗೆ ಹೇಳಿ.

ನಿರೀಕ್ಷಾ, ಎರಡೂ ಹೌದು. ಯಾವ ಕಡೆ ಹೋಗಬೇಕು ಎಂದು ಚಿಟ್ಟೆಗೆ ಗೊತ್ತಿರುತ್ತದೆ, ಬಿಸಿಲು ನೋಡಿ ದಿಕ್ಕು ಹಿಡಿಯುತ್ತದೆ. ಎಷ್ಟು ದೂರ ಎಂಬುದನ್ನು ಮಾತ್ರ ಗಾಳಿ ಹೇಳಬೇಕು. ಬರೀ ರೆಕ್ಕೆ ಬಡಿದುಕೊಂಡೇ ಹೋದರೆ ಹೊಟ್ಟೆಯಲ್ಲಿರುವ ಕೊಬ್ಬು ಬೇಗ ಮುಗಿದುಹೋಗುತ್ತದೆ. ಅದಕ್ಕೆ, ನೆಲದಿಂದ ಬಿಸಿಗಾಳಿ ಏಳುವ ಕಡೆ ಹದ್ದಿನ ಹಾಗೆ ಸುತ್ತುತ್ತಾ ಮೇಲೇರಿ, ಹಿಂದಿನಿಂದ ಬೀಸುವ ಗಾಳಿ ಸಿಕ್ಕಿದರೆ ರೆಕ್ಕೆ ಚಾಚಿ ತೇಲಿಬಿಡುತ್ತದೆ. ಎದುರುಗಾಳಿ ಬಂದರೆ ತಗ್ಗಿನಲ್ಲಿ, ಬೇಲಿ ಪೊದೆಗಳ ಮರೆಯಲ್ಲಿ ಹಾರುತ್ತದೆ. ಅದೂ ಆಗದಿದ್ದರೆ ಕೊಂಬೆ ಹಿಡಿದು ಕೂರುತ್ತದೆ. ಗಾಳಿ ತಿರುಗುವ ತನಕ ಕೂರುವುದೂ ಪ್ರಯಾಣವೇ.

ಇಪ್ಪತ್ತು ಮೊಟ್ಟೆಯಲ್ಲಿ ಕಣಜಗಳು ತಿಂದು, ಇರುವೆ ತಿಂದು, ಕೊನೆಗೆ ಗೂಡು ಒಡೆದು ಬಂದದ್ದು ಒಂದೇ. ಹೆಣ್ಣು. ಅದಕ್ಕೆ 31 ಅಂಟಿಸಿದೆ. ಮೂರು ದಿನ ಉತ್ತರದ ಬೆಂಕಿಗಾಳಿ ಬೀಸಿತು, ಬಿಡಲಿಲ್ಲ. ಬಲೆಯ ಗೂಡಿನಲ್ಲಿ ಸಕ್ಕರೆ ನೀರು ಕೊಟ್ಟು ಇಟ್ಟುಕೊಂಡೆ. ಗುರುವಾರ ಸಂಜೆ ದಕ್ಷಿಣದ ತಣ್ಣನೆ ಗಾಳಿ, ಇಲ್ಲಿಯವರ ಕೂಲ್ ಚೇಂಜ್ ಬಂತು, ಗೊತ್ತಲ್ಲ, ಬಾಗಿಲು ಧಡಾರ್ ಎಂದು ಬಡಿದುಕೊಳ್ಳುತ್ತದಲ್ಲ. ಶುಕ್ರವಾರ ಹತ್ತೂವರೆಗೆ ಬಿಸಿಲು ಬಿತ್ತು, ನೈಋತ್ಯದಿಂದ ಹದವಾದ ಗಾಳಿ. ಬೆರಳ ಮೇಲೆ ಕೂರಿಸಿ ಕೈ ಎತ್ತಿದೆ. ಬೇಲಿಯಾಚೆಯ ಗೋದಾಮಿನ ಬಿಳಿ ಛಾವಣಿಯ ಮೇಲೆ ಎರಡು ಸುತ್ತು ಸುತ್ತಿ ನಿನ್ನ ಕಡೆಗೇ ಹೋಯಿತು.

ಅತ್ತೆ, ನಿಮಗೆ ಶೀತ ಎಂದು ಬರೆದಿದ್ದಿರಿ. ಶುಂಠಿ ಕಷಾಯ ಕುಡಿಯಿರಿ.

ಅಶ್ವಿತಾ


ಟೂಂಗಾಬಿ
27 ಮಾರ್ಚ್ 2026

ಅಶ್ವಿತಾ ಮಗಾ,

ಈ ಮನೆಯಲ್ಲಿ ಈಗ ಗಾಳಿಯದ್ದೇ ಕಾರುಬಾರು. ನಿನ್ನ ಮಗಳು ನನ್ನ ಹಳೆಯ ಕಿತ್ತಳೆ ಬಣ್ಣದ ಸೀರೆಯಿಂದ ಒಂದು ಮೊಳ ಹರಿದು, ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ಕಟ್ಟಿದ್ದಾಳೆ. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ನೋಡುತ್ತಾಳೆ. ನನಗೂ ಡ್ಯೂಟಿ ಕೊಟ್ಟಿದ್ದಾಳೆ, ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಪಟ್ಟಿ ಯಾವ ಕಡೆ ಹಾರುತ್ತಿದೆ ಎಂದು ಕ್ಯಾಲೆಂಡರ್ ಮೇಲೆ ಬಾಣದ ಗುರುತು ಹಾಕಬೇಕು. ಒಂದು ದಿನ ಮರೆತು ಅಂದಾಜಿಗೆ ಹಾಕಿದೆ. ಹೇಗೋ ಕಂಡುಹಿಡಿದಳು.

ಇದೇನು ಎಂದು ಧನು ಕೇಳಿದ. ಸೈನ್ಸ್ ಪ್ರಾಜೆಕ್ಟ್ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಆಮೇಲೆ ಅವಳು ನನ್ನನ್ನು ನೋಡಿ ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತು.

ಕಳೆದ ಭಾನುವಾರ ಹೊಳೆಯ ದಾರಿಯಲ್ಲಿ ಒಂದು ಮೊನಾರ್ಕ್ ಕಂಡಿತು. ಹಿಂದೆಯೇ ಓಡಿದಳು, ನಾನು ಮಂಡಿ ಹಿಡಿದುಕೊಂಡು ಅವಳ ಹಿಂದೆ. ಸ್ಟಿಕರ್ ಇರಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಬಲಗಣ್ಣಿಗೆ ಚಿಟ್ಟೆಯೇ ಕಾಣಿಸಲಿಲ್ಲವಂತೆ, ಕಿತ್ತಳೆ ಬಣ್ಣ ಮಾತ್ರ ಅಲುಗಾಡುತ್ತಿತ್ತಂತೆ. ಮನೆಗೆ ಹಿಂದೆ ಬರುವಾಗ ಹೇಳಿದಳು, "ಆ ಗಿಡ ಪಾಯ್ಸನ್ ಅಂತ ಅಮ್ಮ ನನಗೆ ಹೇಳಬೇಕಿತ್ತು. ಶಿ ಶುಡ್ ಹ್ಯಾವ್ ಟೋಲ್ಡ್ ಮಿ."

ನಿನಗೆ ಒಂದು ವಿಷಯ ಬರೆಯಬೇಕಾಗಿತ್ತು. ಈಗ ಶಾಲೆ ಬಿಡುವ ಹೊತ್ತು, ಹೋಗಬೇಕು.

ಕುಸುಮಾವತಿ


ಟ್ರುಗನಿನಾ
14 ಏಪ್ರಿಲ್ 2026

ಅತ್ತೆ,

ಈಸ್ಟರ್ ರಜೆಯಲ್ಲಿ ಎರಡು ಗಂಟೆ ಮಗಳನ್ನು ನೋಡಬಹುದು ಎಂದು ವಕೀಲರ ಮೂಲಕ ಒಪ್ಪಿಗೆಯಾಗಿತ್ತು, ನಿಮಗೆ ಗೊತ್ತಿದೆ. ಆ ಹೊತ್ತಿಗೆ ಧನರಾಜ್ ನಿಮ್ಮನ್ನು ಚನ್ನಕ್ಕನ ಮನೆಗೆ ಕಳಿಸಿದ್ದರಂತೆ, ಅದೂ ಒಳ್ಳೆಯದೇ ಆಯಿತು. ನಿಮ್ಮ ಮುಖ ನೋಡಿದ್ದರೆ ನಾನು ಅಳುತ್ತಿದ್ದೆ.

ಕಾರಿನಲ್ಲಿ ಒಂಬತ್ತು ತಾಸು. ಹೈವೇ ಉದ್ದಕ್ಕೂ ಹಿಂದಿನಿಂದ ಗಾಳಿ, ಕಾರು ತಾನಾಗಿ ಹೋದ ಹಾಗಿತ್ತು. ಗಂಡಗೈ ಎಂಬ ಊರಿನ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ ಮೂರು ಮೊನಾರ್ಕ್‌ಗಳು ತಲೆಯ ಮೇಲೆ, ತುಂಬ ಎತ್ತರದಲ್ಲಿ, ರೆಕ್ಕೆ ಬಡಿಯದೆ ಹೋಗುತ್ತಿದ್ದವು. ನಂಬರು ಕಾಣುವಷ್ಟು ಕೆಳಗೆ ಇರಲಿಲ್ಲ. ಚಹಾದ ಲೋಟ ಕೈಯಲ್ಲೇ ಹಿಡಿದು ಹುಚ್ಚಿಯ ಹಾಗೆ ಪಾರ್ಕಿಂಗ್ ತುಂಬ ಓಡಿದೆ.

ಪಾರ್ಕಿನಲ್ಲಿ ಅವಳು ಬೆಂಚಿನ ಆ ತುದಿಯಲ್ಲಿ ಕೂತಳು. ಎಷ್ಟು ಎತ್ತರವಾಗಿದ್ದಾಳೆ. ನಾನು ತಂದ ಗೋಳಿಬಜೆಯನ್ನು ಎರಡು ತಿಂದು, ಅಜ್ಜಿಯದ್ದು ಬೆಟರ್ ಎಂದಳು. ಒಂದೂವರೆ ಗಂಟೆ ಬಾತುಕೋಳಿ ನೋಡಿದೆವು. ಹೊರಡುವ ಹೊತ್ತಿಗೆ ನನ್ನ ಕಡೆ ತಿರುಗಿ, "ಆ ಗಿಡ ಪಾಯ್ಸನ್ ಅಂತ ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿತ್ತು ಎಂದೆ. ಮತ್ತೆ ಏನನ್ನೋ ಕಾಯುವವಳ ಹಾಗೆ ನನ್ನನ್ನೇ ನೋಡುತ್ತಾ ಇದ್ದಳು. ನಾನು ಅಷ್ಟೇ ಹೇಳಿದೆ.

ಹಿಂದೆ ಬರುವಾಗ ಅದೇ ಗಾಳಿ ಎದುರಿಗೆ. ಟ್ಯಾಂಕು ಅರ್ಧ ದಾರಿಗೇ ಖಾಲಿಯಾಯಿತು. 31ರ ಸುದ್ದಿ ಯಾರೂ ಕಳಿಸಿಲ್ಲ.

ಅಶ್ವಿತಾ


ಟೂಂಗಾಬಿ
1 ಮೇ 2026

ಅಶ್ವಿತಾ,

ಈ ಪತ್ರದಲ್ಲಿ ಬಸಳೆ, ಮಂಡಿ ಯಾವುದೂ ಇಲ್ಲ. ಓದಿದ ಮೇಲೆ ನೀನು ನನ್ನನ್ನು ಅತ್ತೆ ಎಂದು ಕರೆಯದಿದ್ದರೂ ಸರಿಯೇ.

ಮಗು ಕೈಯಿಂದ ಕಣ್ಣು ಉಜ್ಜಿಕೊಂಡದ್ದಲ್ಲ. ಹಾಲು ಹೋದದ್ದು ನನ್ನಿಂದ.

ರಥಸಪ್ತಮಿಗೆ ನಮ್ಮಲ್ಲಿ ಏಳು ಎಕ್ಕದ ಎಲೆ ತಲೆಯ ಮೇಲಿಟ್ಟು ನೀರು ಹೊಯ್ಯುವುದು. ನನ್ನ ಅಮ್ಮ ನನಗೆ ಮಾಡಿದ್ದಾಳೆ, ನಾನು ಧನುವಿಗೆ ಮಾಡಿದ್ದೇನೆ, ಯಾರಿಗೂ ಏನೂ ಆಗಿಲ್ಲ. ಮೆಲ್ಬರ್ನಿನಲ್ಲಿ ಎಕ್ಕ ಎಲ್ಲಿಂದ ತರಲಿ? ನಿನ್ನ ಹಿತ್ತಲಿನ ಚಿಟ್ಟೆಯ ಗಿಡ ನೆನಪಾಯಿತು. ನೀನು ಡ್ಯೂಟಿಗೆ ಹೋಗಿದ್ದೆ, ಅವಳಿಗೆ ಶಾಲೆಗೆ ಹೊತ್ತಾಗುತ್ತಿತ್ತು. ಏಳು ಎಲೆ ಕಿತ್ತೆ. ಎಕ್ಕದ ಎಲೆ ಅಗಲ, ತಲೆಯ ಮೇಲೆ ಕೂರುತ್ತದೆ. ಇದು ಬೆರಳಿನಷ್ಟು ಸಪೂರ, ಜಾರಿ ಜಾರಿ ಬಿತ್ತು. ದಾರದಲ್ಲಿ ಕಟ್ಟು ಕಟ್ಟಿ, ತುದಿ ಸಮ ಮಾಡಲು ಚೂರಿಯಿಂದ ಕತ್ತರಿಸಿದೆ. ಆ ತುದಿಯಿಂದಲೇ ಹಾಲು ಇಳಿದದ್ದು. ಕಣ್ಣು ಮುಚ್ಚಿಕೋ ಎಂದು ಅವಳಿಗೆ ಹೇಳಿದ್ದೆ, ತಲೆಯ ಮೇಲೆ ಏನಿಟ್ಟೆ ಎಂದು ಅವಳು ನೋಡಲೇ ಇಲ್ಲ. ಉರಿ ಎಂದು ಕೂಗಿದಾಗ ಸೋಪು ಎಂದೆ.

ಸಂಜೆ ಕಣ್ಣು ಕೆಂಪಾಯಿತು. ಆಗಲೂ ಸೋಪು ಎಂದೆ. ಮರುದಿನ ನೀನು ಕೇಳಿದಾಗಲೂ ಸೋಪು. ಎರಡು ದಿನ. ಆಸ್ಪತ್ರೆಯಲ್ಲಿ ಡಾಕ್ಟರು, ತಡ ಮಾಡಿದಿರಿ ಎಂದದ್ದು ನನ್ನ ಕಿವಿಯಲ್ಲೇ ಇದೆ. ಗಿಡದ ಹಾಲು ಎಂದು ತಿಳಿದಾಗ ಧನು ನಿನ್ನ ಮೇಲೆ ಹಾರಾಡಿದ, ನಾನು ಬಾಗಿಲ ಹಿಂದೆ ನಿಂತಿದ್ದೆ. ಹೇಳಬೇಕು ಎಂದು ಬಾಯಿ ತೆರೆದೆ, ಆಗ ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ನನ್ನ ಕಿವಿ ಹಿಡಿದಳು. ಬಾಯಿ ಮುಚ್ಚಿಹೋಯಿತು. ಅಲ್ಲಿಂದ ತೆರೆದೇ ಇಲ್ಲ.

ಹದಿನಾಲ್ಕಕ್ಕೆ ಆ ಮೇಡಂ ಹತ್ತಿರ ಹೋಗುವ ಮುಂಚೆ ಮಗುವಿಗೂ ಧನುವಿಗೂ ಹೇಳಿಬಿಡಲಾ? ಹೇಳಿದ ಮೇಲೆ ಅವಳು ನನ್ನ ಹತ್ತಿರ ಮಲಗುತ್ತಾಳಾ? ನೀನು ಹೇಳು ಎಂದರೆ ಹೇಳುತ್ತೇನೆ. ನಿನ್ನ ಒಂದು ಮಾತು ಬೇಕು.

ಕುಸುಮಾವತಿ


ಟ್ರುಗನಿನಾ
6 ಮೇ 2026

ಅತ್ತೆ,

ಅತ್ತೆ ಎಂದೇ ಬರೆಯುತ್ತಿದ್ದೇನೆ.

ನನಗೆ ಗೊತ್ತಿತ್ತು. ಆ ದಿನ ಡ್ಯೂಟಿ ಮುಗಿಸಿ ಬಂದು ಬಚ್ಚಲು ತೊಳೆಯಲು ಹೋದಾಗ ಬಕೆಟ್ಟಿನ ಹಿಂದೆ ಎಲೆಯ ಕಟ್ಟು ಇತ್ತು. ಎಣಿಸಿದೆ, ಏಳು. ಒಂದರ ಅಡಿಯಲ್ಲಿ ಚಿಟ್ಟೆಯ ಮೊಟ್ಟೆ ಇನ್ನೂ ಅಂಟಿಕೊಂಡಿತ್ತು. ಹಬ್ಬದ ಶಾಸ್ತ್ರ ಎಂದು ಮನಸ್ಸಿನಲ್ಲೇ ನಕ್ಕು ಕಸದ ಡಬ್ಬಿಗೆ ಹಾಕಿದೆ. ನರ್ಸ್ ಆಗಿದ್ದುಕೊಂಡು, ಕೆಂಪು ಕಣ್ಣಿಗೂ ಆ ಎಲೆಗೂ ಸಂಬಂಧ ಹಚ್ಚಲು ನನಗೂ ಎರಡು ದಿನ ಬೇಕಾಯಿತು. ಅದಕ್ಕೇ ಯಾರಿಗೂ ಹೇಳಲಿಲ್ಲ. ಅದಕ್ಕಿಂತ ಮೊದಲು, ಆ ಗಿಡ ನೆಟ್ಟ ದಿನ, "ಅತ್ತೆ, ಇದು ನಮ್ಮ ಎಕ್ಕದ ತಂಗಿ" ಎಂದು ನಿಮಗೆ ತೋರಿಸಿದವಳು ನಾನೇ. ಇದರ ಹಾಲು ಕಣ್ಣಿಗೆ ಆಗದು ಎಂದು ಮಾತ್ರ ಹೇಳಲಿಲ್ಲ. ಊರಿನ ಹೆಂಗಸಿಗೆ ಎಕ್ಕದ ವಿಷಯ ನಾನೇನು ಹೇಳುವುದು ಎಂದುಕೊಂಡೆ.

ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಅವಳು ನಿಮ್ಮ ಕಿವಿ ಹಿಡಿದು ಮಲಗಿದ್ದನ್ನು ನೋಡಿದೆ. ನಮ್ಮ ಸಂಸಾರ ಆಗಲೇ ಒಡೆದಿತ್ತು, ನಿಮಗೆ ಗೊತ್ತು. ನಾಳೆ ನಾನಿಲ್ಲದ ಮನೆಯಲ್ಲಿ ಅವಳಿಗೆ ಹಿಡಿದುಕೊಳ್ಳಲು ಒಂದು ಕಿವಿಯಾದರೂ ಇರಲಿ ಎಂದು ತಪ್ಪನ್ನು ನಾನೇ ಹೊತ್ತುಕೊಂಡೆ. ಪಾರ್ಕಿನಲ್ಲಿ ಅವಳು ಕೇಳಿದಾಗಲೂ ಅದನ್ನೇ ಮಾಡಿದೆ. ಹಿಂದೆ ಬರುವಾಗ ಹೈವೇ ಬದಿಗೆ ಕಾರು ನಿಲ್ಲಿಸಿ ಬಾಯಿ ಬಿಟ್ಟು ಅತ್ತುಬಿಟ್ಟೆ.

ಆದರೆ ನೀವು ಈಗ ನನ್ನ ಅಪ್ಪಣೆ ಕೇಳುತ್ತೀರಿ. ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಹೇಳಿ ಎಂದರೆ ಮಗುವಿನ ಕೈಯಿಂದ ನಿಮ್ಮನ್ನು ಕಿತ್ತವಳು ನಾನು. ಬೇಡ ಎಂದರೆ ಮಗಳನ್ನು ಬಿಟ್ಟುಕೊಟ್ಟವಳೂ ನಾನೇ. ಒಂದು ವರ್ಷ ಸುಮ್ಮನಿದ್ದೆ. ನಿಮಗೂ ಸುಮ್ಮನಿರಿ ಎಂದು ಹೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ನನಗೆ ನನ್ನ ಮಗಳು ಬೇಕು. ಇದನ್ನು ಇಲ್ಲಿಯ ತನಕ ಯಾರಿಗೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಉಳಿದದ್ದು ನಿಮಗೆ ಬಿಟ್ಟದ್ದು.

ಅಶ್ವಿತಾ


ಟೂಂಗಾಬಿ
24 ಮೇ 2026

ಅಶ್ವಿತಾ ಮಗಾ,

ನಿನ್ನ ಪತ್ರ ಹನ್ನೊಂದನೇ ತಾರೀಕಿಗೇ ಬಂದಿತ್ತು. ನನ್ನ ಹತ್ತಿರ ಮೂರು ದಿನ ಇತ್ತು. ಪ್ರತಿದಿನ ಅವಳು ಶಾಲೆಯಿಂದ ಬರುವ ಹೊತ್ತಿಗೆ ಪತ್ರ ತೆಗೆದಿಡುವುದು, ಅವಳು ಬಂದು ಅಜ್ಜಿ ಹಸಿವು ಎಂದ ಕೂಡಲೇ ದಿಂಬಿನ ಅಡಿಗೆ ಹಾಕುವುದು. ಹದಿನಾಲ್ಕರಂದು ಧನು ಅವಳನ್ನು ಕರೆದುಕೊಂಡು ಹೋದ. ನಾನು ಜಡೆ ಹೆಣೆದು ಕಳಿಸಿದೆ. ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ ಇರುತ್ತೇನೆ, ಅಮ್ಮನ ಮನೆ ನನಗೆ ಹೆದರಿಕೆ ಎಂದು ಹೇಳಿ ಬಂದಳಂತೆ.

ಶನಿವಾರ, ಹದಿನಾರಕ್ಕೆ, ಹೇಳಿದೆ. ಎರಡು ದಿನ ತಡ. ಆಗಲೂ ಎರಡೇ ದಿನ ತಡ ಮಾಡಿದ್ದು ನಾನು.

ಅವಳನ್ನು ಕೂರಿಸಿಕೊಂಡು, ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯ ತನಕ ತುಳುವಿನಲ್ಲಿ ಹೇಳಿದೆ. ಎಲೆ, ಸೋಪು, ಎಕ್ಕದ ತಂಗಿ, ನೀನು ದಾರಿಬದಿಯಲ್ಲಿ ಅತ್ತದ್ದು, ನನ್ನ ಮೇಲಿನ ಸಿಟ್ಟು, ಏನನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ಹಿತ್ತಲಿನಲ್ಲಿ ನಿಂತಳು. ಆ ರಾತ್ರಿಯಿಂದ ತನ್ನ ಕೋಣೆಯಲ್ಲಿ ಒಬ್ಬಳೇ ಮಲಗುತ್ತಾಳೆ. ನನ್ನ ಕಿವಿ ಬರಿದಾಗಿ ಎಂಟು ರಾತ್ರಿಯಾಯಿತು. ಇದು ನನಗೆ ಬರಬೇಕಾದದ್ದೇ.

ಧನುವಿಗೂ ಹೇಳಿದೆ. ರಿಮೋಟ್ ಒತ್ತಿ ಟಿವಿ ಆರಿಸಿದ. ಆಮೇಲೆ, "ಮಗು ಹೇಳಿದ್ದು ರಿಪೋರ್ಟಿನಲ್ಲಿ ಬಂದಾಯ್ತಮ್ಮ, ಇನ್ನು ಅದನ್ನೆಲ್ಲ ಕೆದಕುವುದು ಬೇಡ" ಎಂದ. ನಾನು ಕೇಳಲಿಲ್ಲ. ನಡೆದದ್ದನ್ನೆಲ್ಲ ಕನ್ನಡದಲ್ಲಿ ಎರಡು ಹಾಳೆ ಬರೆದು, ಚನ್ನಕ್ಕನ ಸೊಸೆಯಿಂದ ಇಂಗ್ಲಿಷ್ ಮಾಡಿಸಿ, ಸಹಿ ಹಾಕಿ ಆ ಮೇಡಂಗೆ ಕಳಿಸಿದ್ದೇನೆ. ತಲುಪಿತು ಎಂದಷ್ಟೇ ಉತ್ತರ ಬಂದಿದೆ. ಅವರು ಓದಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ನಿನಗೆ ಆಸೆ ಹುಟ್ಟಿಸುವುದಿಲ್ಲ.

31 ಇಲ್ಲಿಗೆ ಬರಲಿಲ್ಲ. ಈಗ ಚಳಿ, ಇನ್ನು ಯಾವುದೂ ಹಾರುವುದಿಲ್ಲ ಎಂದು ಅವಳೇ ಹೇಳಿ ಕಂಬದ ಪಟ್ಟಿ ಬಿಚ್ಚಿ ಒಳಗಿಟ್ಟಳು.

ಅಮ್ಮನಿಗೆ ಏನಾದರೂ ಬರೆಯಲಾ ಎಂದು ದಿನಾ ಕೇಳಿದೆ. ದಿನಾ ಬೇಡ ಎಂದು ತಲೆಯಾಡಿಸಿದಳು. ಮೊನ್ನೆ ಶುಕ್ರವಾರ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ತಾನಾಗಿ, ಬರೆ ಅಜ್ಜಿ ಎಂದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ತುಳುವಿನಲ್ಲೇ ಹೇಳಿದಳು. ನಿಧಾನಕ್ಕೆ, ನಾನು ಬರೆದುಕೊಳ್ಳುವಷ್ಟು ನಿಲ್ಲಿಸಿ ನಿಲ್ಲಿಸಿ.

"ಪಾರ್ಕಿನಲ್ಲಿ ಕೇಳಿದಾಗ ಅಮ್ಮ ಪೂರ್ತಿ ಹೇಳಿದ್ದರೆ ನಾನು ಆವತ್ತೇ ಕಾರಿನಲ್ಲಿ ಕೂತು ಬರುತ್ತಿದ್ದೆ. ನಾನು ಅದಕ್ಕೇ ಕಾಯುತ್ತಿದ್ದೆ."

ಈಗ ಹೋಗುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ ಎಂದು ಬ್ಯಾಗು ಹಾಕಿಕೊಂಡು ಹೋದಳು.

ಇದನ್ನು ನಿನಗೆ ಕಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೊದಲಿನ ಹಾಗೆ ಈ ಸಾಲನ್ನು ಬಿಟ್ಟು, ಮಗು ಚೆನ್ನಾಗಿದ್ದಾಳೆ ಎಂದಷ್ಟೇ ಬರೆಯಬಹುದಿತ್ತು. ಇಲ್ಲ ಮಗಾ. ಅವಳು ಹೇಳಿದ್ದು ಅಷ್ಟೇ, ಹಾಗೆಯೇ ಬರೆದಿದ್ದೇನೆ. ಒಂದಕ್ಷರವನ್ನೂ ಬಿಟ್ಟಿಲ್ಲ.

ನಿನ್ನ ಅತ್ತೆ
ಕುಸುಮಾವತಿ